ಕಾಫಿ ತೋಟದ ರ‍್ಯಾಲಿಗೂ ಪುಟದಲ್ಲಿ ಜಾಗವಿರಲಿ



ಕೆಲಸದ ನಿಮಿತ್ತ ವಿಶಾಖಪಟ್ಟಣದ ಪೆಂದುರ್ತಿಯಲ್ಲಿ ನೆಲೆಸಿದ ಮೇಲೂ ವರ್ಷಕ್ಕೊಮ್ಮೆ ಚಿಕ್ಕಮಗಳೂರಿನ ಕಾರ್ ರ‍್ಯಾಲಿಗೆ ಹೋಗುವುದನ್ನು ನಾನು ಬಿಟ್ಟಿರಲಿಲ್ಲ. ವಿಶಾಖಪಟ್ಟಣದಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ವಿಜಯವಾಡದಲ್ಲಿ ತಮ್ಮ ಜೊತೆಯಾಗುತ್ತಿದ್ದ. ಬೆಂಗಳೂರಿನಿಂದ ಮುಂದಕ್ಕೆ ಬಸ್ಸು.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದೊಂದಾಗಿ ಬಿಡುತ್ತಾರೆ, ಗಡಿಯಾರವೇ ಎದುರಾಳಿ. ತೋಟದ ಮಣ್ಣುದಾರಿಯಲ್ಲಿ ಮುಂದಿನ ತಿರುವು ಚಾಲಕನಿಗೆ ಕಾಣದು; ಪಕ್ಕದಲ್ಲಿ ಕೂತ ಸಹಚಾಲಕ ಓದಿ ಹೇಳುವ ಟಿಪ್ಪಣಿಯನ್ನೇ ನಂಬಿ ಕಾರು ನುಗ್ಗಿಸಬೇಕು. ಆ ನಂಬಿಕೆಯನ್ನು ಕಣ್ಣಾರೆ ನೋಡಲೆಂದೇ ನಾವು ಅಷ್ಟು ದೂರ ಹೋಗುತ್ತಿದ್ದದ್ದು. ನಿಗದಿತ ನಿಮಿಷಗಳೊಳಗೆ ಸಸ್ಪೆನ್ಷನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳನ್ನು ನೋಡುತ್ತಾ ಊಟವನ್ನೇ ಮರೆತದ್ದುಂಟು.

ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ಇದೇ ಚಿಕ್ಕಮಗಳೂರಿನಲ್ಲಿ ನಡೆದಿದೆ. ಆ ಪ್ರಶಸ್ತಿಯನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ 36ನೆಯವರಾಗಿ ಮುಗಿಸಿದರು. ಅದನ್ನು ಪೂರೈಸಿದ ಮೊದಲ ಭಾರತೀಯ ಅವರೇ. ಸುಮಾರು ಎರಡು ವಾರ, ಸಾವಿರಾರು ಕಿ.ಮೀ. ಮರಳು, ಕಲ್ಲು, ಬೆಟ್ಟ! ಕ್ರಿಕೆಟ್‌ನಲ್ಲಿ ಇಂಥ ಸಾಧನೆಯಾಗಿದ್ದರೆ ಶಾಲೆಯ ಮಕ್ಕಳಿಗೂ ಹೆಸರು ಬಾಯಿಪಾಠವಾಗಿರುತ್ತಿತ್ತು.

ತಮ್ಮ ವಿದೇಶ ಸೇರಿದ ಮೇಲೆ ನಮ್ಮ ಪ್ರಯಾಣ ನಿಂತಿದೆ. ಈಗ ನನಗೆ ನಿಮ್ಮ ಪತ್ರಿಕೆಯೇ ಗತಿ. ಅಪಘಾತವಾದಾಗ ಮಾತ್ರವಲ್ಲ, ರ‍್ಯಾಲಿಗೆ ಮೊದಲೇ ಅದರ ದಿನ, ದಾರಿ, ಪ್ರೇಕ್ಷಕರು ನಿಲ್ಲಬೇಕಾದ ಸುರಕ್ಷಿತ ಜಾಗ ಇವುಗಳನ್ನು ದಯವಿಟ್ಟು ಪ್ರಕಟಿಸಿ. ಸಹಚಾಲಕರು, ಮೆಕ್ಯಾನಿಕ್‌ಗಳ ಸಂದರ್ಶನವೂ ಬರಲಿ.

– ಓದುಗ, ಪೆಂದುರ್ತಿ, ವಿಶಾಖಪಟ್ಟಣ