ಮಗ್ಗುಲಿನ ಟಿಪ್ಪಣಿ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಒಬ್ಬರು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ಮುಂದೆ ಮತ್ತೊಬ್ಬರು ತಿದ್ದಬೇಕಾಗುವುದು ನಿತ್ಯದ ಸಂಗತಿ. ಅದರ ವಿವರಣೆ ಬೇರೊಂದು ಕಡತದಲ್ಲಿದ್ದರೆ, ಪ್ರೋಗ್ರಾಮು ಬದಲಾದರೂ ವಿವರಣೆ ಹಳೆಯದಾಗಿಯೇ ಉಳಿದು ಓದುವವರನ್ನು ದಾರಿತಪ್ಪಿಸುತ್ತದೆ. ಆದುದರಿಂದಲೇ ಆದೇಶಗಳ ಮಗ್ಗುಲಲ್ಲಿಯೇ ಟಿಪ್ಪಣಿ ಬರೆಯುವ ಪದ್ಧತಿ ಮೇಲಾದುದು. ಜಾವಾ ಭಾಷೆಯ ‘ಜಾವಾಡಾಕ್’ ಅಂತಹ ಟಿಪ್ಪಣಿಗಳಿಂದ ಕೈಪಿಡಿಯನ್ನೇ ಸಿದ್ಧಪಡಿಸುತ್ತದೆ. ಪೈಥಾನ್ ಭಾಷೆಗೆ 2001ರಲ್ಲಿ ಸೇರಿದ ‘ಡಾಕ್‌ಟೆಸ್ಟ್’ ಟಿಪ್ಪಣಿಯೊಳಗಿನ ಉದಾಹರಣೆಗಳನ್ನು ನಡೆಸಿ, ಉತ್ತರ ತಾಳೆಯಾಗದಿದ್ದರೆ ಎಚ್ಚರಿಸುತ್ತದೆ.

ಆದರೆ ಯಂತ್ರದ ಒಪ್ಪಿಗೆಯನ್ನೇ ನೆಚ್ಚಿ, ಸಹೋದ್ಯೋಗಿಗಳಿಂದ ಓದಿಸುವುದನ್ನು ಬಿಡುವುದು ಸಲ್ಲದು. 4ರಿಂದ ಭಾಗವಾಗುವ ವರ್ಷವೆಲ್ಲ ಅಧಿಕವರ್ಷವೆಂದು ನಂಬಿದವರು 1900ನ್ನೂ ಅಧಿಕವರ್ಷವೆಂದೇ ಟಿಪ್ಪಣಿಯಲ್ಲಿ ಬರೆದಾರು; ಅವರ ಪ್ರೋಗ್ರಾಮೂ ಹಾಗೆಯೇ ಉತ್ತರಿಸೀತು; ಯಂತ್ರ ಎರಡನ್ನೂ ತಾಳೆನೋಡಿ ಸರಿಯೆಂದೀತು. ಶತಮಾನದ ವರ್ಷವು 400ರಿಂದ ಭಾಗವಾಗಬೇಕೆಂದು ಬಲ್ಲವರೊಬ್ಬರು ಆ ಸಾಲನ್ನು ಓದಿದಾಗಲಷ್ಟೇ ತಪ್ಪು ಹೊರಬೀಳುವುದು.