ಒಂದೇ ಕುರ್ಚಿ ಅಂತ ಹೇಳಿ ಬಾಗಿಲು ಹಾಕಿದವರಿಗೆ

ವಿಶ್ವವಿದ್ಯಾಲಯವೊಂದರಲ್ಲಿ ಇಂಜಿನಿಯರಿಂಗು, ಮ್ಯಾನೇಜ್‌ಮೆಂಟು ಎರಡೂ ಸೇರಿದ ಕೋರ್ಸಿಗೆ ಹೊಸ ಮುಖ್ಯಸ್ಥರು ಬಂದಿದ್ದಾರೆ. ಹಾರ ಹಾಕಿದ್ದಾಯ್ತು, ಫೋಟೋ ತೆಗೆದದ್ದಾಯ್ತು. ನಾವು ಹೋಗಿ ಕೇಳಿದ್ದು ಒಂದೇ ಮಾತು: 'ಈ ವಿಭಾಗದಲ್ಲಿ ನಮ್ಮ ಕೇರಿಯಿಂದ ಬಂದ ಪ್ರೊಫೆಸರ್ ಒಬ್ಬರಾದರೂ ಇದಾರಾ ಸ್ವಾಮಿ?' ಕಚೇರಿಯವರು ನಕ್ಕು, 'ಇದು ಒಂದೇ ಹುದ್ದೆ ಕಣ್ರಪ್ಪ, ಒಂದಕ್ಕೆ ಮೀಸಲಾತಿ ಬರಲ್ಲ' ಅಂದರು.

ಕಾನೂನಿನ ಮಾತು ಹೌದು. ಒಂಟಿ ಹುದ್ದೆಯನ್ನು ಮೀಸಲಿಟ್ಟರೆ ನೂರಕ್ಕೆ ನೂರು ಮೀಸಲಾತಿಯಾಗುತ್ತದೆ ಎಂದು ಸುಪ್ರೀಂ ಕೋರ್ಟು 1988ರ ಚಕ್ರಧರ ಪಾಸ್ವಾನ್ ಮೊಕದ್ದಮೆಯಲ್ಲಿ ಹೇಳಿತು. 1998ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು. ಆದರೆ ನಾವು ಕೇಳಿದ್ದು ಆ ಒಂದು ಕುರ್ಚಿಯ ಮಾತಲ್ಲ. ಅದರ ಕೆಳಗಿನ ಮೆಟ್ಟಿಲುಗಳ ಮಾತು. ಮುಖ್ಯಸ್ಥರಾಗುವವರು ಪ್ರೊಫೆಸರುಗಳು. ಪ್ರೊಫೆಸರಾಗಬೇಕಾದರೆ ಮೊದಲು ಅಸಿಸ್ಟೆಂಟ್ ಪ್ರೊಫೆಸರಾಗಿ ಒಳಗೆ ಕಾಲಿಡಬೇಕು. ಕೆಳಗಿನ ಮೆಟ್ಟಿಲಲ್ಲೇ ಕತ್ತು ಹಿಡಿದು ದಬ್ಬಿ, 'ಮೇಲೆ ನೀವ್ಯಾರೂ ಕಾಣಿಸ್ತಿಲ್ಲವಲ್ಲ' ಅಂದರೆ ಏನರ್ಥ?

ದಬ್ಬುವುದು ಹೇಗೆ, ಲೆಕ್ಕ ನೋಡಿ. ಇಡೀ ವಿಶ್ವವಿದ್ಯಾಲಯ ಒಂದು ಘಟಕವಾದರೆ 200 ಹುದ್ದೆಯಲ್ಲಿ 30 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ. 2017ರಲ್ಲಿ ಅಲಹಾಬಾದ್ ಹೈಕೋರ್ಟು, ಒಂದೊಂದು ವಿಭಾಗವೂ ಬೇರೆ ಬೇರೆ ಘಟಕ ಎಂದಿತು. 2018ರ ಮಾರ್ಚಿನಲ್ಲಿ ಯುಜಿಸಿ ಸುತ್ತೋಲೆ ಕಳಿಸಿತು. ಆ 13 ಅಂಶದ ರೋಸ್ಟರಿನಲ್ಲಿ ಪರಿಶಿಷ್ಟ ಜಾತಿಯ ಸರದಿ 7ನೇ ಹುದ್ದೆಗೆ, ಪಂಗಡದ್ದು 14ನೆಯದಕ್ಕೆ. ಆರೇ ಹುದ್ದೆಯ ವಿಭಾಗವಾದರೆ? ಸೊನ್ನೆ! ಹತ್ತು ಎಕರೆ ಹೊಲವನ್ನು ಗೇಣುಗೇಣಾಗಿ ಕಡಿದು, 'ಒಂದು ಗೇಣಲ್ಲಿ ನಿಮಗೆಲ್ಲಿ ಪಾಲು ಕೊಡೋದು' ಅಂದ ಹಾಗೆ.

ಇದನ್ನು ಬದಲಿಸಿದ್ದು ಯಾರ ದಯೆಯೂ ಅಲ್ಲ. 2019ರ ಮಾರ್ಚ್ 5ರಂದು ಜನ ಬೀದಿಗಿಳಿದು ಬಂದ್ ಮಾಡಿದರು. ಎರಡೇ ದಿನಕ್ಕೆ ಸುಗ್ರೀವಾಜ್ಞೆ, ಜುಲೈಯಲ್ಲಿ ಕಾಯಿದೆ. ಕೇಂದ್ರದ ವಿದ್ಯಾಸಂಸ್ಥೆಗಳ ನೇರ ನೇಮಕಾತಿಯಲ್ಲಿ ಇಡೀ ಸಂಸ್ಥೆಯೇ ಮತ್ತೆ ಒಂದು ಘಟಕವಾಯಿತು. ಅಷ್ಟಕ್ಕೇ ಸುಮ್ಮನಾದರೇ? 2020ರಲ್ಲಿ ಶಿಕ್ಷಣ ಸಚಿವಾಲಯ ನೇಮಿಸಿದ ಸಮಿತಿಯೊಂದು, ಐಐಟಿಗಳಿಗೆ ಅಧ್ಯಾಪಕರ ಮೀಸಲಾತಿಯೇ ಬೇಡ, ವಿನಾಯಿತಿ ಕೊಡಿ ಎಂದಿತು.

ಮೆರಿಟ್ಟಂತೆ! 1918ರಲ್ಲಿ ಬಾಬಾಸಾಹೇಬರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದಾಗ, ಸಹೋದ್ಯೋಗಿಗಳು ತಕರಾರು ಮಾಡಿದ್ದು ಅವರ ಪಾಠದ ಬಗ್ಗೆ ಅಲ್ಲ. ತಾವು ಕುಡಿಯುವ ನೀರಿನ ಪಾತ್ರೆಯನ್ನು ಅವರೂ ಮುಟ್ಟುತ್ತಾರಲ್ಲ ಅಂತ. ಅದೇ ಬಾಬಾಸಾಹೇಬರು 1935ರಲ್ಲಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು. ಇವತ್ತು ನೀರಿನ ಪಾತ್ರೆ ಹೋಗಿದೆ. ಅದರ ಜಾಗಕ್ಕೆ 'ಸೂಕ್ತ ಅಭ್ಯರ್ಥಿ ಸಿಗಲಿಲ್ಲ' ಎಂಬ ಮೂರು ಪದ ಬಂದಿವೆ.

ನಮ್ಮವನೊಬ್ಬ ಆ ಕುರ್ಚಿಯಲ್ಲಿ ಕೂತ ತಕ್ಷಣ ಎಲ್ಲ ಸರಿಹೋಗುತ್ತದೆಂದು ನಾವು ನಂಬಿಲ್ಲ. ಕೂತು ಕೇರಿ ಮರೆತವರನ್ನೂ ನೋಡಿದ್ದೇವೆ. ಆದರೆ ಯಾವ ಹುಡುಗಿಗೆ ಯಾವ ಗೈಡು, ಯಾರ ಪ್ರಾಜೆಕ್ಟು ಪಾಸು, ಯಾರ ಹೆಸರು ಕಂಪನಿಯವರ ಕಿವಿಗೆ ಬೀಳಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುವಾಗ, ಅಲ್ಲಿ ಸದಾ ಒಂದೇ ಓಣಿಯವರು ಇರುವುದು ನ್ಯಾಯವಲ್ಲ.

ತಪ್ಪು ನಮ್ಮದೂ ಇದೆ. ಏಪ್ರಿಲ್ 14ಕ್ಕೆ ಘೋಷಣೆ ಕೂಗಿ, 15ಕ್ಕೆ ಮಲಗುತ್ತೇವೆ. ರೋಸ್ಟರ್ ಪುಸ್ತಕ ಹೇಗಿರುತ್ತದೆಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಹಾಸ್ಟೆಲ್ಲಿನ ಗೆಳೆಯರೇ, 2005ರ ಮಾಹಿತಿ ಹಕ್ಕು ಕಾಯಿದೆ ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ವಿಭಾಗದಲ್ಲಿ ಹುದ್ದೆ ಎಷ್ಟು, ಬ್ಯಾಕ್‌ಲಾಗ್ ಎಷ್ಟು, 'ಸಿಗಲಿಲ್ಲ' ಅಂದ ಸಂದರ್ಶನಕ್ಕೆ ಬಂದಿದ್ದವರು ಎಷ್ಟು ಜನ, ಬರೆದು ಕೊಡಲಿ. ಮುಖ್ಯಸ್ಥರ ಸ್ಥಾನ ಹಿರಿತನದ ಮೇಲೆ ಸರದಿಯಂತೆ ಹೋಗಲಿ.

ಕುರ್ಚಿ ಒಂದೇ ಇರಬಹುದು. ಅದನ್ನು ಹತ್ತುವ ಮೆಟ್ಟಿಲು ಎಲ್ಲರದು. ಲೆಕ್ಕ ಕೇಳೋಣ ಬನ್ನಿ.

ಜೈ ಭೀಮ್!