ಹೊಸತೊಡಕಿಗೊಂದು ಹೊಸ ಬಿಲ್ಲು?!

ಮೊದಲೇ ಹೇಳಿಬಿಡುತ್ತೇನೆ, ಇದು ಸ್ವಲ್ಪ ಸಿಟ್ಟಿನಲ್ಲೇ ಬರೆದದ್ದು. ಯಾರಿಗಾದರೂ ಚುಚ್ಚಿದರೆ ಚುಚ್ಚಲಿ ಅಂತಲೇ ಬರೆದದ್ದು :)

ಯುಗಾದಿಗೆ ಇನ್ನು ಹದಿನೈದು ಇಪ್ಪತ್ತು ದಿನ ಇದೆ ಅನ್ನುವಾಗ ನನಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಮಗಾ, ನೀನು ಆರ್ಚರಿ ಕ್ಲಾಸಿಗೆ ಹೋಗ್ತೀಯಲ್ಲ, ಒಂದು ಒಳ್ಳೆ ಬಿಲ್ಲು ಹೇಳು. ಹೊಸತೊಡಕಿಗೆ ಊರಿಗೆ ಹೋದಾಗ ಒಂದು ಹಂದಿ ಹೊಡೀಬೇಕು." ಕೇಳುವವರೆಲ್ಲ ನಮ್ಮ ಕಡೆಯವರೇ. ನಂಜನಗೂಡು, ತಿ.ನರಸೀಪುರದ ಹಳ್ಳಿಗಳಲ್ಲಿ ಹುಟ್ಟಿ, ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಎಸಿ ಕೆಳಗೆ ಕೂತು ಕೋಡ್ ಬರೆಯುವವರು. ಥೇಟ್ ನನ್ನ ಹಾಗೆ.

ಬೇರೆ ಕಡೆಯ ಓದುಗರಿಗೆ ಒಂದು ಮಾತು. ಯುಗಾದಿ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕು, ಅಂದರೆ ಬಾಡೂಟ. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಆ ಹೊತ್ತಿಗೆ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುವ ರೂಢಿ ಇತ್ತು. ಈಗ ಕುರಿ, ಕೋಳಿಯಲ್ಲಿ ಮುಗಿಯುತ್ತದೆ. ಆದರೆ ಆಸೆ ಮುಗಿದಿಲ್ಲ ನೋಡಿ!

ಈ ಮಿತ್ರರ ವಾದಗಳು ನಾಲ್ಕು. ಒಂದು, ಇದು ನಮ್ಮ ಸಂಪ್ರದಾಯ. ಎರಡು, ಹಂದಿಗಳು ಬೆಳೆ ಹಾಳು ಮಾಡುತ್ತಿವೆ, ನಾವು ರೈತರಿಗೆ ಉಪಕಾರ ಮಾಡುತ್ತಿದ್ದೇವೆ. ಮೂರು, ಅಮೆರಿಕದಲ್ಲಿ ಎಲ್ಲರೂ ಮಾಡುತ್ತಾರೆ. ನಾಲ್ಕು, ಕೋವಿಯಾದರೆ ಅನ್ಯಾಯ, ಬಿಲ್ಲು ಅಂದರೆ ಸಮಬಲದ ಹೋರಾಟ. ಒಂದೊಂದಾಗಿ ನೋಡೋಣ. ಆದರೆ ಮೊದಲು ಬಿಲ್ಲಿನ ವಿಷಯಕ್ಕೇ ಬರೋಣ. ಯಾಕೆಂದರೆ ಉಳಿದದ್ದೆಲ್ಲ ಅಲ್ಲೇ ಬಯಲಾಗುತ್ತದೆ.

ಬಿಲ್ಲಿಗೆ ಸೈಜ್ ಇದೆ ಸ್ವಾಮಿ

ಬಿಲ್ಲು ಕೊಳ್ಳುವುದೆಂದರೆ ಮೊಬೈಲ್ ಕೊಂಡ ಹಾಗಲ್ಲ. ರಿವ್ಯೂ ಓದಿ, ಸ್ಟಾರ್ ನೋಡಿ ಆರ್ಡರ್ ಮಾಡುವ ವಸ್ತು ಅದಲ್ಲ. ಚಪ್ಪಲಿಗಾದರೂ ನಂಬರ್ ನೋಡುತ್ತೀರಿ, ಬಿಲ್ಲಿಗೆ ಯಾಕೆ ನೋಡುವುದಿಲ್ಲ?

ಮೊದಲ ಅಳತೆ, ನೀವು ಹೆದೆಯನ್ನು ಎಷ್ಟು ದೂರ ಎಳೆಯಬಲ್ಲಿರಿ ಅನ್ನುವುದು. ಎರಡೂ ಕೈ ಚಾಚಿ ನಿಂತು ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಅಳೆಯಿರಿ. ಅದನ್ನು ಎರಡೂವರೆಯಿಂದ ಭಾಗಿಸಿ. ಆ ಉದ್ದಕ್ಕೆ ಕನ್ನಡದಲ್ಲಿ ಎಷ್ಟು ಚೆಂದದ ಹೆಸರಿದೆ ಗೊತ್ತಲ್ಲ? ಮಾರು! ಮೈಸೂರು ಮಾರುಕಟ್ಟೆಯಲ್ಲಿ ಹೂವಿನವರು ಮಲ್ಲಿಗೆ ಅಳೆದು ಕೊಡುವ ಅದೇ ಮಾರು. ನಿಮ್ಮ ಮಾರು 66 ಇಂಚಿದ್ದರೆ ನಿಮ್ಮ ಎಳೆತ ಹತ್ತಿರ ಹತ್ತಿರ ಇಪ್ಪತ್ತಾರೂವರೆ ಇಂಚು. 29 ಇಂಚಿಗೆ ಕೂರಿಸಿದ ಕಾಂಪೌಂಡ್ ಬಿಲ್ಲು ನಿಮ್ಮ ಕೈಗೆ ಬಂದರೆ ಏನಾಗುತ್ತದೆ? ಮುಖ ಹಿಂದಕ್ಕೆ ವಾಲುತ್ತದೆ, ಎಡಗೈ ಮೊಣಕೈ ಸೆಟೆದುಕೊಳ್ಳುತ್ತದೆ, ಬಿಟ್ಟ ಹೆದೆ ಮುಂಗೈ ಚರ್ಮವನ್ನು ಕಿತ್ತುಕೊಂಡು ಹೋಗುತ್ತದೆ. ಗುರಿಯ ಮಾತು ಆಮೇಲೆ.

ಎರಡನೆಯದು ಎಳೆತದ ಭಾರ. ರಿಕರ್ವ್ ಬಿಲ್ಲಿನ ಮೇಲೆ 40 ಪೌಂಡ್ ಅಂತ ಬರೆದಿದ್ದರೆ ಅದು 28 ಇಂಚು ಎಳೆದಾಗಿನ ಲೆಕ್ಕ. ನೀವು 26ಕ್ಕೇ ನಿಲ್ಲುವವರಾದರೆ ಇಂಚಿಗೆ ಸುಮಾರು 2 ಪೌಂಡಿನಂತೆ ಕಡಿಮೆಯಾಗುತ್ತದೆ. ಕಲಿಯುವ ದೊಡ್ಡವರಿಗೆ ಕೊಡುವುದು 20ರಿಂದ 25 ಪೌಂಡಿನ ಬಿಲ್ಲು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕನಿಷ್ಠ ಇಷ್ಟಿರಲೇಬೇಕು ಎಂದು ಹಾಕಿರುವ ಮಿತಿ 35, 40 ಪೌಂಡು. ಈ 24ರಿಂದ 40ಕ್ಕೆ ಹೋಗುವ ದಾರಿ ಇದೆಯಲ್ಲ, ಅದು ದುಡ್ಡು ಕೊಟ್ಟು ದಾಟುವ ದಾರಿಯಲ್ಲ. ಬೆನ್ನಿನ ಸ್ನಾಯು ಬೆಳೆಯಬೇಕು, ತಿಂಗಳುಗಟ್ಟಲೆ ಬೇಕು. ದಿನವಿಡೀ ಕೀಬೋರ್ಡಿನ ಮೇಲೆ ಬಗ್ಗಿರುವ ಬೆನ್ನು ನಮ್ಮದು!

ಮೂರನೆಯದು ಬಾಣ. ಬಾಣದ ಗಡಸುತನ ಬಿಲ್ಲಿನ ಭಾರಕ್ಕೆ ಹೊಂದಬೇಕು. ಹೊಂದದಿದ್ದರೆ ಬಾಣ ಹಾವಿನ ಹಾಗೆ ಬಳುಕುತ್ತಾ ಬೇರೆ ಕಡೆ ಹೋಗುತ್ತದೆ. ಬಾಣ ನಿಮ್ಮ ಎಳೆತಕ್ಕಿಂತ ಗಿಡ್ಡವಾಗಿದ್ದರೆ ತುದಿ ಒಳಗೆ ಸರಿದು, ಬಿಟ್ಟಾಗ ನಿಮ್ಮ ಕೈಗೇ ನಾಟುವ ಅಪಾಯವಿದೆ. ಇನ್ನು ನಿಮ್ಮ ಬಲಿಷ್ಠ ಕಣ್ಣು ಎಡಗಣ್ಣೋ ಬಲಗಣ್ಣೋ ಎಂಬ ಪ್ರಶ್ನೆ. ಬಲಗೈಯಲ್ಲಿ ಬರೆಯುವ ಎಲ್ಲರದೂ ಬಲಗಣ್ಣೇ ಅಲ್ಲ. ಮೆಸೇಜ್ ಕಳಿಸಿದ ಮಹನೀಯರಿಗೆಲ್ಲ ನಾನು ಈ ನಾಲ್ಕು ಪ್ರಶ್ನೆ ವಾಪಸ್ ಕಳಿಸಿದೆ. ಬಂದ ಉತ್ತರ ಒಂದೇ, "ಏ ಬಿಡೋ, ಬ್ಲಾಕ್ ಕಲರ್ ಇದ್ಯಾ ನೋಡು"!

ಸರಿ, ಅಳತೆಗೆ ತಕ್ಕ ಬಿಲ್ಲೇ ಸಿಕ್ಕಿತು ಅಂದುಕೊಳ್ಳಿ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಕೊಂಡರೆ ಅದು ಇನ್ನೂ ನಿಮ್ಮದಾಗಿರುವುದಿಲ್ಲ. ಹೊಸ ಹೆದೆ ಹಿಗ್ಗುತ್ತದೆ, ಗುರಿಯ ಪಿನ್ನು ಮತ್ತೆ ಮತ್ತೆ ಸರಿಪಡಿಸಬೇಕು. ನಿಮ್ಮ ಕೈ ಪ್ರತಿ ಸಲವೂ ಗಲ್ಲದ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಬೆಳಕಿನಲ್ಲಿ, ಅಲುಗಾಡದ ಕಾಗದದ ಗುರಿಗೆ ಹೊಡೆಯುವಾಗಲೇ ನಮ್ಮ ಬಾಣಗಳು ನಾಲ್ಕು ದಿಕ್ಕಿಗೆ ಹೋಗುತ್ತವೆ. ಕತ್ತಲಲ್ಲಿ, ಓಡುವ ಹಂದಿಗೆ?

ಏಟು ತಿಂದ ಹಂದಿ ಎಲ್ಲಿಗೆ ಹೋಗುತ್ತದೆ?

ನನ್ನ ಸಿಟ್ಟಿನ ಬೇರು ಇಲ್ಲಿದೆ. ಬಾಣ ಗುಂಡಿನ ಹಾಗೆ ಬಡಿದು ಬೀಳಿಸುವುದಿಲ್ಲ. ಅದು ಕೊಯ್ಯುತ್ತದೆ, ಪ್ರಾಣಿ ರಕ್ತ ಸೋರಿ ಸಾಯುತ್ತದೆ. ಎದೆಗೂಡಿಗೆ, ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೆ ಬೇಗ. ಎರಡು ಗೇಣು ಹಿಂದೆ ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ. ಗಂಡು ಹಂದಿಯ ಭುಜದ ಮೇಲೆ ಚರ್ಮದಡಿಯಲ್ಲಿ ಗುರಾಣಿಯಂಥ ಗಟ್ಟಿ ಪದರ ಬೇರೆ ಇರುತ್ತದೆ. ಅಳತೆ ತಪ್ಪಿದ ಬಿಲ್ಲಿನಿಂದ, ಅಳುಕುವ ಕೈಯಿಂದ ಹೊರಟ ಬಾಣ ಅಲ್ಲಿ ಅರ್ಧ ನಾಟಿಕೊಂಡು ನಿಂತರೆ ಆ ಹಂದಿ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಕಬ್ಬಿನ ಗದ್ದೆಗೆ ನುಗ್ಗುತ್ತದೆ.

ಕಾವೇರಿ, ಕಪಿಲೆಯ ನಾಲೆ ಬಯಲಿನ ಕಬ್ಬು ಹೇಗಿರುತ್ತದೆ ನೋಡಿದ್ದೀರಲ್ಲ. ಎರಡು ಮಾರು ಆಚೆ ಆನೆ ನಿಂತರೂ ಕಾಣುವುದಿಲ್ಲ. ಮಾರನೆಯ ಬೆಳಿಗ್ಗೆ ಆ ಗದ್ದೆಯ ಬದುವಿಗೆ ಹೋಗುವವರು ಯಾರು? ಬಿಲ್ಲು ಹಿಡಿದು ಫೋಟೋ ತೆಗೆಸಿಕೊಂಡವರಲ್ಲ. ಹಸುವಿಗೆ ಹುಲ್ಲು ಕುಯ್ಯಲು ಹೋಗುವ ಹೆಂಗಸರು, ನೀರು ಕಟ್ಟಲು ಹೋಗುವ ಮುದುಕರು, ಕಬ್ಬು ಕಡಿಯಲು ಬಂದ ಕೂಲಿಯವರು. ನಮ್ಮ ಚಿಕ್ಕಪ್ಪ ಇದನ್ನು ಒಂದೇ ಮಾತಲ್ಲಿ ಮುಗಿಸಿದರು: "ಹೊಡ್ದೋನು ಬಸ್ಸತ್ಕೊಂಡು ಬೆಂಗ್ಳೂರ್ಗ ಹೋಯ್ತನ, ಏಟ್ ತಿಂದ ಹಂದಿ ಇಲ್ಲೇ ಇರ್ತದ ಕನ್ಲಾ."

ಇದಾದ ಮೇಲೆ "ಸಮಬಲದ ಹೋರಾಟ" ಅನ್ನುವ ನಾಲ್ಕನೆಯ ವಾದದಲ್ಲಿ ಏನಾದರೂ ಉಳಿದಿದೆಯೇ?

ಅಮೆರಿಕ, ಅಮೆರಿಕ!

ಅಮೆರಿಕದ ವಾದಕ್ಕೆ ಬರೋಣ. ಹೌದು, ಅಲ್ಲಿ ಬಿಲ್ಲು ಬೇಟೆ ಕಾನೂನುಬದ್ಧ. ವಿಸ್ಕಾನ್ಸಿನ್ ರಾಜ್ಯ 1934ರಲ್ಲೇ ಬಿಲ್ಲಿನವರಿಗೆ ಬೇರೆ ಸೀಸನ್ ಮಾಡಿತ್ತು. ಗಾಲಿಗಳಿರುವ ಕಾಂಪೌಂಡ್ ಬಿಲ್ಲಿಗೆ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಪೇಟೆಂಟ್ ಪಡೆದದ್ದು 1969ರಲ್ಲಿ. ಆದರೆ ಅಲ್ಲಿ ಲೈಸೆನ್ಸ್ ಇದೆ. ಸೀಸನ್ ಯಾವತ್ತು ಶುರು, ಯಾವತ್ತು ಮುಗಿಯುತ್ತದೆ ಅನ್ನುವ ತಾರೀಕಿದೆ. ಜಿಂಕೆಯಂಥ ಪ್ರಾಣಿಗೆ ಒಬ್ಬರಿಗೆ ಇಂತಿಷ್ಟೇ ಎಂಬ ಲೆಕ್ಕವಿದೆ. ಬೇಟೆಯ ಸುರಕ್ಷತೆಯ ಪಾಠವಿದೆ. ಸೀಸನ್ನಿಗೆ ಎರಡು ವಾರ ಇದೆ ಅನ್ನುವಾಗ ಅಂಗಡಿಗೆ ಓಡಿಬರುವವನನ್ನು ಅಲ್ಲಿನ ಅನುಭವಿಗಳೂ ಬಯ್ಯುತ್ತಾರೆ. ನಮ್ಮವರು ತಂದುಕೊಳ್ಳುವುದು ಅಮೆರಿಕದ ಬಿಲ್ಲನ್ನು ಮಾತ್ರ, ಅದರ ಜೊತೆಗಿನ ಶಿಸ್ತನ್ನಲ್ಲ. ಇನ್ನೊಂದು ಮಾತು, ಮುಂದುವರಿದ ದೇಶ ಅಂದರೆ ಅಮೆರಿಕ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಬಿಲ್ಲಿನಿಂದ ಬೇಟೆಯಾಡುವುದು ಅಪರಾಧ. ರಾಬಿನ್ ಹುಡ್‌ನ ನಾಡಿನಲ್ಲೇ :)

ಸಂಪ್ರದಾಯವಂತೆ

ಸಂಪ್ರದಾಯದ ಮಾತಾಡುವವರಿಗೆ ನಮ್ಮದೇ ತಾಲ್ಲೂಕಿನ ಕಥೆ ನೆನಪಿಸುತ್ತೇನೆ. ತಿ.ನರಸೀಪುರ ತಾಲ್ಲೂಕಿನ ತಲಕಾಡಿಗೆ ಆ ಹೆಸರು ಬಂದದ್ದೇ ತಲ, ಕಾಡ ಎಂಬ ಇಬ್ಬರು ಬೇಡರಿಂದ ಅನ್ನುತ್ತದೆ ಸ್ಥಳಪುರಾಣ. ಕಾಡಾನೆಗಳು ಒಂದು ಬೂರುಗದ ಮರವನ್ನು ಪೂಜಿಸುವುದನ್ನು ಕಂಡು, ಅದರಲ್ಲೇನಿದೆ ನೋಡೋಣ ಅಂತ ಕೊಡಲಿ ಹಾಕಿದರು. ಮರದಿಂದ ರಕ್ತ ಬಂತು. ಆಗ ಅವರು ಮಾಡಿದ್ದೇನು? ಅದೇ ಮರದ ಎಲೆ, ಕಾಯಿ ಹಚ್ಚಿ ಗಾಯಕ್ಕೆ ಔಷಧಿ ಮಾಡಿದರು. ನಮ್ಮ ಸೀಮೆಯ ಅತಿ ಪ್ರಸಿದ್ಧ ಬೇಟೆಗಾರರು ನೆನಪಿನಲ್ಲಿ ಉಳಿದದ್ದು ಹೊಡೆದದ್ದಕ್ಕಲ್ಲ, ಮಾಡಿದ ಗಾಯಕ್ಕೆ ಬೆನ್ನು ತಿರುಗಿಸದೆ ಇದ್ದದ್ದಕ್ಕೆ.

ಹಂದಿ ಬೇಟೆಯೆಂದರೆ ತಮಾಷೆ ಅಂದುಕೊಂಡವರು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೂ ನೋಡಿ ಬರಬೇಕು. ಕ್ರಿ.ಶ. 949-50ರ ಆಸುಪಾಸಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ಬೇಟೆನಾಯಿ ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತದ್ದಕ್ಕೆ ನೆಟ್ಟ ಕಲ್ಲು ಅದು. ರಾಜರ ಕಾಲದ ಪಳಗಿದ ನಾಯಿಯ ಗತಿಯೇ ಹಾಗಾದರೆ, ಹದಿನೈದು ದಿನದ ಧನುರ್ಧಾರಿಯ ಗತಿ?

ಇನ್ನೊಂದು ಸಣ್ಣ ವಿಷಯ. ನಮ್ಮ ಹಳೆಯ ಲೆಕ್ಕದಲ್ಲಿ ಧನುಸ್ಸು ಅನ್ನುವುದು ಉದ್ದದ ಅಳತೆ ಕೂಡ, ನಾಲ್ಕು ಮೊಳ ಅಂದರೆ ಒಂದು ಧನುಸ್ಸು. ಅವರವರ ಮೊಳದಲ್ಲಿ ನಾಲ್ಕು ಮೊಳ ಅಳೆದರೆ ಹೆಚ್ಚುಕಡಿಮೆ ಅವರವರ ಎತ್ತರವೇ ಬರುತ್ತದೆ. ಸಂಪ್ರದಾಯ ಬೇಕಾದವರು ಕೊನೇಪಕ್ಷ ಈ ಅಳತೆಯನ್ನಾದರೂ ಇಟ್ಟುಕೊಳ್ಳಬಹುದಿತ್ತು.

ರೈತರಿಗೆ ಉಪಕಾರ?

ಇದನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಸಂಕಟ ನಿಜ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ.ನರಸೀಪುರ ತಾಲ್ಲೂಕೊಂದರಲ್ಲೇ ಚಿರತೆಗೆ ನಾಲ್ಕು ಜನ ಬಲಿಯಾದರು. 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹೆಡಿಯಾಲ ವಲಯದ ಬಳ್ಳೂರುಹುಂಡಿಯಲ್ಲಿ ಹುಲಿ ಒಬ್ಬ ಮಹಿಳೆಯನ್ನು ಕೊಂದಿತು. ಹಂದಿಗಳಂತೂ ಒಂದು ರಾತ್ರಿಯಲ್ಲಿ ಜೋಳದ ಹೊಲ ಮಲಗಿಸಿ ಹೋಗುತ್ತವೆ. ಬೆಂಗಳೂರಿನಲ್ಲಿ ಕೂತು "ಪಾಪ ಪ್ರಾಣಿ" ಅಂತ ಪೋಸ್ಟ್ ಹಾಕುವವರ ಮೇಲೂ ನನಗೆ ಇಷ್ಟೇ ಸಿಟ್ಟಿದೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಆದರೆ ದಾರಿ ಯಾವುದು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಅಪರಾಧ. ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಓಡಿಸುವುದು, ಕೊಲ್ಲಲು ಪ್ರಯತ್ನಿಸುವುದು ಎಲ್ಲವೂ ಸೇರಿದೆ. ತಿದ್ದುಪಡಿಯಾದ ಕಾಯಿದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಕಾಡುಹಂದಿ ಅದರ ಎರಡನೇ ಷೆಡ್ಯೂಲಿನಲ್ಲಿದೆ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಗಂತ ಕಾನೂನು ಕುರುಡೇನಲ್ಲ. ಜೀವಕ್ಕೆ, ನಿಂತ ಬೆಳೆಗೆ ಅಪಾಯವಾದಾಗ ಅಧಿಕಾರಿಗಳು ಲಿಖಿತ ಅನುಮತಿ ಕೊಡಲು 11ನೇ ಸೆಕ್ಷನ್ ಇದೆ. 2022ರಿಂದ ಕೇರಳದಲ್ಲಿ ಬೆಳೆ ಹಾಳುಮಾಡುವ ಹಂದಿಗಳನ್ನು ಹೊಡೆಸಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿಗಳ ಕೈಗೇ ಕೊಟ್ಟಿದ್ದಾರೆ. ನಮ್ಮಲ್ಲೂ ಹಾಗೆ ಬೇಕು ಅಂತ ಕೇಳಿ, ಜಗಳವಾಡಿ, ನಾನೂ ಬರುತ್ತೇನೆ. ಅದು ರೈತರ ಪರವಾದ ಹೋರಾಟ. ಹಬ್ಬದ ರಜೆಯಲ್ಲಿ ಕದ್ದು ಬಿಡುವ ಬಾಣದಿಂದ ಯಾವ ರೈತನ ಯಾವ ಬೆಳೆ ಉಳಿದಿದೆ?

ನಿಜವಾಗಿ ಉಪಕಾರ ಮಾಡಬೇಕೆಂದಿದ್ದರೆ ನಮ್ಮಂಥವರ ಕೈಲಾಗುವ ಕೆಲಸಗಳು ಬೇಕಾದಷ್ಟಿವೆ. ಬೆಳೆ ನಷ್ಟವಾದವರ ಪಹಣಿ, ಫೋಟೋ ಜೋಡಿಸಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿಕೊಡಿ. ನಮ್ಮ ಊರುಗಳಲ್ಲಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಪಂಪ್‌ಸೆಟ್ಟಿಗೆ ಹಗಲು ಹೊತ್ತು ಕರೆಂಟ್ ಕೊಡಿ ಅಂತ ಊರಿನವರ ಜೊತೆ ನಿಂತು ಕೇಳಿ. ರಾತ್ರಿ ನೀರು ಕಟ್ಟಲು ಹೋಗುವವನೇ ಚಿರತೆಗೂ ಹಂದಿಗೂ ಎದುರಾಗುವವನು. ಬಲಿತ ಕಬ್ಬು ತಿಂಗಳುಗಟ್ಟಲೆ ಕಟಾವಾಗದೆ ನಿಂತು ಪ್ರಾಣಿಗಳ ಮನೆಯಾಗುತ್ತಿರುವುದರ ಬಗ್ಗೆ ಬರೆಯಿರಿ. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಗೆ ಹರಿಸಿದ ಕರೆಂಟಿಗೆ ಆನೆಯೂ ಸಾಯುತ್ತದೆ, ಹಾಕಿದವರ ಮನೆಯವರೂ ಸಾಯುತ್ತಾರೆ. ಇದನ್ನು ಪಕ್ಕದ ಮನೆಯವರಿಗೆ ಹೇಳುವ ಧೈರ್ಯ ಮಾಡಿ. ಹಂದಿಯ ಮುಂದೆ ನಿಲ್ಲುವುದಕ್ಕಿಂತ ಹೆಚ್ಚು ಧೈರ್ಯ ಬೇಕು ಅದಕ್ಕೆ.

ಇಷ್ಟಾದರೂ ಬಿಲ್ಲು ಬೇಕೇ ಬೇಕು ಅನ್ನುವವರಿಗೆ: ಖಂಡಿತ ಕೊಳ್ಳಿ, ಬಹಳ ಒಳ್ಳೆಯ ಆಟ ಅದು. ಆದರೆ ಮೊದಲು ಬಾಡಿಗೆ ಬಿಲ್ಲಿನಲ್ಲಿ ಆರು ತಿಂಗಳು ಕಲಿಯಿರಿ. ನಿಮ್ಮ ಮಾರು ಅಳೆಸಿ, ಕಣ್ಣು ನೋಡಿಸಿ, ಎಳೆದು ನೋಡಿ ಕೊಳ್ಳಿ. ಆಮೇಲೆ ಹುಲ್ಲಿನ ಮೆದೆಗೆ ಕಾಗದ ಅಂಟಿಸಿ ಹೊಡೆಯಿರಿ. ಗುರಿ ತಪ್ಪಿದರೆ ನಡೆದು ಹೋಗಿ ಬಾಣ ಹೆಕ್ಕಿಕೊಂಡು ಬಂದರಾಯಿತು. ಯಾರ ಗದ್ದೆಯಲ್ಲೂ ಏನೂ ನರಳುತ್ತಾ ಬಿದ್ದಿರುವುದಿಲ್ಲ.

ನನ್ನ ಮಾತು ಇಷ್ಟೇ. ಒಪ್ಪದವರು ಕಾಮೆಂಟಿನಲ್ಲಿ ಬನ್ನಿ, ಜಗಳಕ್ಕೆ ನಾನು ರೆಡಿ. ಬರುವಾಗ ನಿಮ್ಮ ಮಾರು ಎಷ್ಟು ಇಂಚು ಅಂತ ಅಳೆದುಕೊಂಡು ಬನ್ನಿ, ಮಾತು ಅಲ್ಲಿಂದ ಶುರು ಮಾಡೋಣ :)